ಸಾಯಬಣ್ಣ ಮಾಸ್ತರರ ಕೊಳವೆಶುದ್ಧಿ

ಚಿತ್ತಾಪುರದ ನಿವೃತ್ತ ಶಿಕ್ಷಕ ಸಾಯಬಣ್ಣ ಮಾಸ್ತರರು ಒಳಗಿನ ಕೊಳೆಯನ್ನು ಸಹಿಸುವವರಲ್ಲ. ತಂಬಿಗೆಯ ಒಳಮೈಯನ್ನು ಹುಣಸೆಹಣ್ಣಿನಿಂದ ತಿಕ್ಕಿ, ನೀರನ್ನು ಮಡಿಯ ಅರಿವೆಯಲ್ಲಿ ಸೋಸಿಯೇ ಅವರು ಇಷ್ಟಲಿಂಗಕ್ಕೆ ಮಜ್ಜನಗೈಯುವರು. ಅಂತಹವರ ಹಿತ್ತಲ ತೊಟ್ಟಿಯಿಂದ ಅಂಗಳದ ನಳಕ್ಕೆ, ಅವರ ತಂದೆ ಹಾಕಿಸಿದ ಕಬ್ಬಿಣದ ಕೊಳವೆಯೊಂದು ಜಪದ ಮಣಿ ಸರಿಯುವ ನಿಧಾನದಲ್ಲಿ ನೀರು ತರುತ್ತಿತ್ತು.

ಮೊಮ್ಮಗನ ಲಿಂಗದೀಕ್ಷೆ ಸೋಮವಾರಕ್ಕೆ ನಿಶ್ಚಯವಾಯಿತು. ಅಂದು ದೀಕ್ಷೆ ಕೊಡುವ ಸ್ವಾಮಿಗಳ ಪಾದಕ್ಕೆ ತಂದೆಯ ನಳದ ನೀರೇ, ಅದೂ ಧಾರಾಕಾರವಾಗಿ, ಸುರಿಯಬೇಕೆಂಬುದು ಮಾಸ್ತರರ ಹಂಬಲ. ನಳದ ಮಿಸ್ತ್ರಿ ಬಾಬುಮಿಯಾ ಕೊಳವೆಯ ಬಾಯಿ ಕಳಚಿದಾಗ ಒಳಗೆ ಬೆರಳು ದಪ್ಪದ ಬಿಳಿಯ ಪದರ ಕಂಡಿತು. ಶಹಾಬಾದ ಕಲ್ಲಿನ ಈ ಸೀಮೆಯ ಗಡಸು ನೀರು ಮೆಲ್ಲಗೆ ಹರಿದು ಹರಿದು ಕಟ್ಟಿದ ಸುಣ್ಣವದು.

"ಈ ಹೊಲಸಿನಾಗಿಂದ ಬಂದ ನೀರು ಇಷ್ಟು ದಿನ ಲಿಂಗಕ್ಕ ಹಾಕೀನೇನು!" ಎಂದು ಮಾಸ್ತರರು ಹೌಹಾರಿದರು.

"ಮೋಟಾರ ಹಚ್ಚಿ ಜೋರ ನೀರು ಬಿಟ್ರ ಎಲ್ಲಾ ಸಾಫ್ ಆಗ್ತದ್ರಿ ಮಾಸ್ತರ್ರ," ಎಂದ ಬಾಬುಮಿಯಾ.

ಪತ್ನಿ ಗುರುದೇವಿ ಪಡಸಾಲೆಯಿಂದಲೇ ನಕ್ಕರು. "ನಿಮ್ಮ ಹಲ್ಲಿಗೂ ಹಂಗ ಕಿಟ್ಟ ಕಟ್ಟ್ಯದ. ಅದನ್ನ ತಗದ್ರ ಹಲ್ಲೂ ಕಿತ್ತು ಬರ್ತಾವ. ಸುಮ್ಮ ಕುಂದ್ರಿ!"

ಶುದ್ಧಿಯ ಮಾತಿನಲ್ಲಿ ಹೆಂಡತಿಯ ಸಲಹೆ ಕೇಳುವ ಪದ್ಧತಿ ಆ ಮನೆಯಲ್ಲಿರಲಿಲ್ಲ. ಮೋಟಾರು ಗರ್ಜಿಸಿತು. ನೀರು ನುಗ್ಗಿದ ರಭಸಕ್ಕೆ ಸುಣ್ಣ ಚಕ್ಕೆಚಕ್ಕೆಯಾಗಿ ಕಿತ್ತು ಬಂದು ಅಂಗಳದಲ್ಲಿ ಹರಡಿತು. ಬಳಿಕ ಸ್ಫಟಿಕದಂತಹ ಧಾರೆ. ಮಾಸ್ತರರು ಕೈಮುಗಿದು, ಇನ್ನೂ ಒಂದಿಷ್ಟು ಶುದ್ಧವಾಗಲೆಂದು ಸಂಜೆಯವರೆಗೂ ಮೋಟಾರು ನಿಲ್ಲಿಸಗೊಡಲಿಲ್ಲ.

ಭಾನುವಾರ ನೀರು ಕೆಂಪಾಯಿತು. ಸೋಮವಾರ ಬೆಳಿಗ್ಗೆ ಕೊಳವೆಯ ಉದ್ದಕ್ಕೂ ನೂರು ರಂಧ್ರಗಳಿಂದ ನೀರು ಚಿಮ್ಮುತ್ತಿತ್ತು. ನಳದಲ್ಲಿ ಮಾತ್ರ ಹನಿಯಿಲ್ಲ.

ಬಾಬುಮಿಯಾ ತಲೆ ಕೆರೆದುಕೊಂಡ. "ಆ ಸುಣ್ಣಾನ ಪೈಪ ಆಗಿತ್ತು ನೋಡ್ರಿ. ಕಬ್ಬಿಣ ತುಕ್ಕು ಹಿಡದು ಬರೇ ಹೆಸರಿಗಿತ್ತು."

ಗುರುದೇವಿ ಬಾವಿಗೆ ಕೊಡ ಇಳಿಬಿಟ್ಟರು. ಪಾದಪೂಜೆ ಆ ನೀರಿನಲ್ಲೇ ನಡೆಯಿತು. ದೀಕ್ಷೆ ಮುಗಿದ ಮೇಲೆ ಸ್ವಾಮಿಗಳು, "ಮಾಸ್ತರ್ರ, ಮಗೂಗ ಅಂತರಂಗದ ಶುದ್ಧಿ ಬಗ್ಗೆ ಎರಡು ಮಾತು ಹೇಳ್ರಿ," ಎಂದರು. ನಾಲ್ಕು ದಶಕ ಪಾಠ ಹೇಳಿದ ಮಾಸ್ತರರು ಎದ್ದು, ಅಂಗಳದಲ್ಲಿ ಬಿದ್ದಿದ್ದ ಸುಣ್ಣದ ಚಕ್ಕೆಗಳನ್ನು ಆರಿಸತೊಡಗಿದರು.

ಈಗ ಹೊಸ ಕೊಳವೆ ಬಂದಿದೆ. ತಂದೆಯ ನೆನಪಿಗೆ ಕಬ್ಬಿಣದ್ದೇ. ಮಾಸ್ತರರು ನೀರನ್ನು ಅತಿ ಮೆಲ್ಲಗೆ ಬಿಡುತ್ತಾರೆ. ಪ್ರತಿದಿನ ಲಿಂಗಪೂಜೆಗೆ ಮುನ್ನ ನಳದ ಬಾಯೊಳಗೆ ಬೆರಳಾಡಿಸಿ, ಬೆಳಕಿಗೆ ಹಿಡಿದು ನೋಡುತ್ತಾರೆ.

"ಕಟ್ಟ್ಯದೇನ್ರಿ ಹೊಲಸು?" ಎಂದು ಒಳಗಿನಿಂದ ಗುರುದೇವಿ ಕೇಳುತ್ತಾರೆ.

"ಇನ್ನೂ ಇಲ್ಲ," ಎನ್ನುತ್ತಾರೆ ಮಾಸ್ತರರು, ಬಹಳ ನೊಂದ ದನಿಯಲ್ಲಿ.