ಜ್ವರದ ಹುಳಕ್ಕೆ ಸೊಪ್ಪು ಹಾಕಿದವನು

ನಮ್ಮ ಮನೆಯ ಕುಕ್ಕರಿಗೆ ಸೀಟಿ ಹೊಡೆಯುವ ಹಕ್ಕಿಲ್ಲ. ಮೇಲಿನ ಗುಂಡು ಅಲುಗಾಡಲು ಶುರುವಾದರೆ ಸಾಕು, ನನ್ನ ಹೆಂಡತಿ ಪುಟ್ಟಮ್ಮ ಹಿತ್ತಲಲ್ಲಿದ್ದರೂ ಓಡಿಬಂದು ಒಲೆ ಆರಿಸುತ್ತಾಳೆ. ಕೊಳ್ಳೇಗಾಲ, ಹನೂರು, ಯಳಂದೂರಿನ ರಸ್ತೆಗಳಲ್ಲಿ ಬಸ್ ಕಂಡಕ್ಟರಾಗಿ ಸೀಟಿ ಊದಿಯೇ ಅನ್ನ ಸಂಪಾದಿಸಿದ ನನಗೆ, ಸೀಟಿಯಿಲ್ಲದೆ ಬೆಂದ ಅನ್ನವನ್ನು ಉಣ್ಣುವ ಯೋಗ ಬಂದದ್ದು ನೋಡಿ ನೀವು ನಕ್ಕರೂ ಬೇಸರವಿಲ್ಲ. ನಮ್ಮ ಒಬ್ಬಳೇ ಮಗಳು ಸುಮಳಿಗೆ ಆ ಸದ್ದು ಆಗುವುದಿಲ್ಲ. "ಸದ್ದು ಕೇಳಿದ್ರೆ ಏನಾಗ್ತದೆ ಕಣವ್ವ?" ಎಂದು ಒಮ್ಮೆ ಕೇಳಿದ್ದೆ. ಅವಳು ಗೋಡೆ ನೋಡುತ್ತ ಬಹಳ ಯೋಚಿಸಿ, "ಬಿಸಿ ಆಗ್ತದೆ" ಎಂದಿದ್ದಳು.

ಇದಕ್ಕೆ ಆಟಿಸಂ ಎನ್ನುತ್ತಾರೆಂದೂ, ಅದರ ಜೊತೆಗೆ ಆತಂಕದ ಕಾಯಿಲೆಯೂ ಬೆಳೆದುಕೊಂಡಿದೆಯೆಂದೂ ಮೈಸೂರಿನ ಡಾಕ್ಟರೊಬ್ಬರು ಹೇಳುವ ಹೊತ್ತಿಗೆ ಅವಳ ಓರಗೆಯ ಹುಡುಗಿಯರು ಮಕ್ಕಳನ್ನು ಶಾಲೆಗೆ ಬಿಡುತ್ತಿದ್ದರು. ಅಲ್ಲಿಯವರೆಗೆ ನಾನು ಅದನ್ನು ಹಟ ಎಂದು ಕರೆದಿದ್ದೆ. ಗಲಾಟೆಯಿಲ್ಲದ, ಜನ ಕಡಿಮೆಯಿರುವ, ದಿನವೂ ಒಂದೇ ಕ್ರಮದಲ್ಲಿ ಸಾಗುವ ಕೆಲಸವೊಂದು ಸಿಕ್ಕರೆ ಮಗಳು ನೆಮ್ಮದಿಯಾಗಿರುತ್ತಾಳೆ ಎಂದು ಆ ಡಾಕ್ಟರು ಬಿಡಿಸಿ ಹೇಳಿದರು. ನಾನೂ ತಲೆಯಾಡಿಸಿದೆ. ಆದರೆ ಹೈಸ್ಕೂಲು ಮುಗಿಸಿ ಬಸ್ಸು ಹತ್ತಿದ ನನಗೆ ಗೊತ್ತಿದ್ದ ಲೋಕವೆಲ್ಲ ನೂಕುನುಗ್ಗಲಿನ ಲೋಕ. ಜನರ ಮಧ್ಯೆ ಬಿಟ್ಟರೆ ತಾನಾಗಿಯೇ ಕುದುರುತ್ತಾಳೆ ಎಂದು ಒಳಗೊಳಗೇ ತೀರ್ಮಾನಿಸಿಬಿಟ್ಟಿದ್ದೆ. ಹಳೆಯ ಪ್ರಯಾಣಿಕರ ಪರಿಚಯ ಹಿಡಿದು ಅವಳಿಗೆ ಹುಡುಕಿಕೊಟ್ಟ ಕೆಲಸಗಳನ್ನು ನೆನೆದರೆ ಈಗ ನಾಚಿಕೆಯಾಗುತ್ತದೆ. ಕೊಳ್ಳೇಗಾಲದ ಸೀರೆ ಅಂಗಡಿಯಲ್ಲಿ, ಮದುವೆ ಜವಳಿಗೆ ಬಂದ ಹೆಂಗಸರು ಒಟ್ಟಿಗೆ ಮಾತಾಡಿದ್ದೇ ತಡ, ಕಿವಿ ಮುಚ್ಚಿಕೊಂಡು ಸೀರೆಯ ರಾಶಿಯ ಹಿಂದೆ ಕೂತಳು. ಯಳಂದೂರಿನ ಕ್ಲಿನಿಕ್ಕಿನಲ್ಲಿ ಟೋಕನ್ ಕೊಡುವ ಕೆಲಸ. ರೋಗಿಗಳ ಗದ್ದಲ ತಾಳದೆ ಅಲ್ಲಿಂದ ನಡೆದೇ ಮನೆಗೆ ಹೊರಟುಬಿಟ್ಟಿದ್ದಳು. ಹನೂರಿನ ಜೆರಾಕ್ಸ್ ಅಂಗಡಿಯ ಮೆಷಿನ್ನು ಅವಳಿಗೆ ಇಷ್ಟವಾಗಿತ್ತು, ಪಾಪ. ಆದರೆ ಯಾವುದೋ ಅರ್ಜಿಗೆ ಕಡೆಯ ದಿನವೆಂದು ಜನ ಮುಗಿಬಿದ್ದಾಗ ಎಲ್ಲರನ್ನೂ ಹೊರಗೇ ಬಿಟ್ಟು ಒಳಗಿನಿಂದ ಶಟರ್ ಎಳೆದುಕೊಂಡಳು.

"ಇನ್ನೇನ್ ಸಂತೆ ಮಾಳದಾಗೆ ನಿಲ್ಲುಸ್ತೀಯಾ ಅವಳ್ನ?" ಎಂದು ಪುಟ್ಟಮ್ಮ ಕೇಳಿದ್ದು ಆಗಲೇ.

ಧನಗೆರೆಯ ಗೌರಮ್ಮನವರು ಸಿಕ್ಕಿದ್ದು ಪುಣ್ಯ. ಹಿಂದೆ ರೇಷ್ಮೆಗೂಡಿನ ಮೂಟೆಯೊಡನೆ ನನ್ನ ಬಸ್ಸು ಹತ್ತಿ, ಲಗೇಜು ಚಾರ್ಜಿಗಾಗಿ ನನ್ನೊಡನೆ ಜಗಳ ಕಾಯುತ್ತಿದ್ದವರು ಈಗ ಚಾಕಿ ಕೇಂದ್ರ ನಡೆಸುತ್ತಿದ್ದಾರೆ. ಮೊಟ್ಟೆಯೊಡೆದ ರೇಷ್ಮೆಹುಳುಗಳನ್ನು ಮೊದಲ ಕೆಲವು ದಿನ ಎಳೆಸೊಪ್ಪು ಕೊಟ್ಟು ಜೋಪಾನ ಮಾಡಿ, ಆಮೇಲೆ ರೈತರಿಗೆ ಕೊಡುವ ಜಾಗ ಅದು. ಹುಳುಗಳ ಬಾಲವಾಡಿ ಎನ್ನಿ. ಸುಮಳನ್ನು ಕರೆದುಕೊಂಡು ಹೋದಾಗ ಅವರು ಹುಳದ ಮನೆಯ ಬಾಗಿಲಲ್ಲೇ ನಿಲ್ಲಿಸಿ ಹೇಳಿದರು:

"ನೋಡವ್ವ, ಪೌಡ್ರು ಆಕಂಡು ಬರ್ಬಾರ್ದು. ಊದ್‌ಗಡ್ಡಿ ವಾಸ್ನೆ ಕೂಡ್ದು. ಒರಗಿನೋರ್ನ ಒಳೀಕ್ ಬುಡ್ಬಾರ್ದು, ಉಳಕ್ಕೆ ರೋಗ ಬತ್ತದೆ."

"ಯಾರ್ನೂ ಬುಡ್ಬಾರ್ದಾ?"

"ಯಾರ್ನೂವೆ."

ಕೆಲಸ ಕೊಡುವವರ ಮುಂದೆ ನನ್ನ ಮಗಳು ನಕ್ಕಿದ್ದನ್ನು ನಾನು ಮೊದಲ ಬಾರಿಗೆ ನೋಡಿದೆ. ಗೆಳೆಯರೇ, ನಾವು ಲೋಕಕ್ಕೆ ತಕ್ಕಂತೆ ಮಕ್ಕಳನ್ನು ಬಗ್ಗಿಸಲು ಹೊರಡುತ್ತೇವೆ. ಆದರೆ ಈ ವಿಶಾಲ ಲೋಕದೊಳಗೆ ಒಂದು ಕೋಣೆಯಷ್ಟು ಜಾಗವಾದರೂ ನಮ್ಮ ಮಕ್ಕಳ ಸ್ವಭಾವಕ್ಕೆ ಮೊದಲೇ ಬಗ್ಗಿಕೊಂಡು ಕಾದಿರಬಹುದು ಎಂದು ನಮಗೇಕೆ ಹೊಳೆಯುವುದಿಲ್ಲವೋ! ಅರೆಬೆಳಕು, ತಟ್ಟೆಗಳ ಸಾಲು, ಮಾತಿಲ್ಲದ ಜೀವಗಳು. ಅವಳೇನೂ ಆ ಕೆಲಸದಲ್ಲಿ ಪ್ರವೀಣೆಯಾಗಲಿಲ್ಲ. ಸೊಪ್ಪು ಹೆಚ್ಚುವುದು ತೀರ ನಿಧಾನವೆಂದು ಗೌರಮ್ಮನವರು ಗೊಣಗುತ್ತಲೇ ಇದ್ದರು. ಆದರೆ ಸಂಜೆ ಮನೆಗೆ ಬಂದವಳು ಊಟ ಕೇಳಿ ಹಾಕಿಸಿಕೊಳ್ಳುತ್ತಿದ್ದಳು. ಹಾಸಿಗೆಗೆ ಬಿದ್ದರೆ ನಿದ್ದೆ ಬರುತ್ತಿತ್ತು. ಅದಕ್ಕಿಂತ ಹೆಚ್ಚಿನದನ್ನು ನಾವು ಬಯಸುವ ಅಗತ್ಯವೇ ಇರಲಿಲ್ಲ.

ಬಯಸಿದೆ. ಅದೇ ನನ್ನ ತಪ್ಪೊಪ್ಪಿಗೆ. ಮಗಳು ಹುಳದ ಮನೆಯಲ್ಲಿದ್ದಾಳೆ ಎನ್ನಲು ನಾಲಗೆ ಬಾರದೆ, ಕೇಳಿದವರಿಗೆಲ್ಲ "ರೇಷ್ಮೆ ಇಲಾಖೆಯಲ್ಲಿದ್ದಾಳೆ" ಎಂದು ಸಾರಿಕೊಂಡು ಬಂದೆ. ಇಲಾಖೆಯ ಹೆಣ್ಣನ್ನು ನೋಡಲು ನೆಂಟರು ಬಾರದಿರುತ್ತಾರೆಯೇ? ಹೋದ ಆಷಾಢ ಕಳೆದ ಮೇಲೆ ಒಂದು ಭಾನುವಾರ, ಸುಮಳಿಗೆ ಮುಂಚಿತವಾಗಿ ಒಂದು ಮಾತೂ ಹೇಳದೆ, ಗಂಡಿನ ಕಡೆಯವರನ್ನು ಕರೆಸಿಬಿಟ್ಟೆ. ಜೀಪಿನ ತುಂಬ ಬಂದವರು ನಡುಮನೆಯಲ್ಲಿ ತುಂಬಿಕೊಂಡು ಅವಳ ಸಂಬಳ, ಸರ್ಕಾರಿ ರಜೆ, ಅಡುಗೆ, ಎಲ್ಲವನ್ನೂ ಒಟ್ಟಿಗೆ ವಿಚಾರಿಸಿದರು. ಮಾರನೆಯ ಬೆಳಿಗ್ಗೆ ಸುಮ ಏಳಲಿಲ್ಲ. ಕಂಬಳಿಯನ್ನು ತಲೆಯವರೆಗೂ ಎಳೆದುಕೊಂಡು ಗೋಡೆಗೆ ಮುಖ ಮಾಡಿ ಮಲಗಿಬಿಟ್ಟಳು.

ಕೆಲಸ ತಪ್ಪಿದರೆ ಗೌರಮ್ಮನವರು ಬಿಡಿಸಿಬಿಟ್ಟಾರು ಎಂದು ನನಗೆ ದಿಗಿಲಾಯಿತು. ಅವಳ ಚೀಲದಿಂದ ಹುಳದ ಮನೆಯ ಬೀಗದಕೈ ತೆಗೆದುಕೊಂಡು, ಅವಳ ಬದಲು ನಾನೇ ಧನಗೆರೆಗೆ ಹೋದೆ. ಗೌರಮ್ಮನವರು ಶಾಗ್ಯದ ರೈತರಿಗೆ ಬೇರೊಂದು ತಂಡದ ಹುಳು ಕೊಡಲು ಹೋಗಿದ್ದರು. ಒಳಗೆ ನೋಡಿದರೆ ತಟ್ಟೆಗಳ ಮೇಲೆಲ್ಲ ಬಿಳಿಯ ಪುಡಿ. ಹುಳುಗಳು ತಲೆಯೆತ್ತಿಕೊಂಡು ಅಲುಗಾಡದೆ ನಿಂತಿವೆ. ಒಂದು ಚೂರು ಸೊಪ್ಪಿಲ್ಲ. ಹಸಿವಿನಿಂದ ಬಾಯಿ ಮೇಲೆತ್ತಿವೆ, ನಿನ್ನೆಯ ಗಡಿಬಿಡಿಯಲ್ಲಿ ಮಗಳು ಸೊಪ್ಪು ಹಾಕುವುದನ್ನು ಮರೆತಿದ್ದಾಳೆ ಎಂದುಕೊಂಡೆ. ಹೊರಗೆ ಒದ್ದೆ ಗೋಣಿಯಡಿ ಇದ್ದ ಎಳೆಸೊಪ್ಪನ್ನು ಹೆಚ್ಚಿ ಎಲ್ಲ ತಟ್ಟೆಗೂ ಧಾರಾಳವಾಗಿ ಹರಡಿ, ಮಗಳ ಮಾನ ಉಳಿಸಿದ ಸಂತೋಷದಲ್ಲಿ ಮಧ್ಯಾಹ್ನವೇ ಮನೆಗೆ ಬಂದೆ.

ಸಂಜೆ ಗೌರಮ್ಮನವರ ಫೋನು ಬಂತು. ನನಗೆ ಕಿವಿ ಮಂದ, ಹಾಗಾಗಿ ನಮ್ಮ ಫೋನಿನಲ್ಲಿ ಆಡಿದ್ದು ಬೀದಿಗೇ ಕೇಳುತ್ತದೆ. "ಏನ್ ಕಂಡಕ್ಟ್ರಣ್ಣ, ನಿಮ್ಮ ಮಗಳ್ಗೆ ಬುದ್ಧಿ ಗಿದ್ಧಿ ಕೆಟ್ಟದಾ? ಉಳ ಜ್ವರಕ್ಕೆ ಕುಂತವೆ, ಪೊರೆ ಬುಡಾ ಒತ್ನಲ್ಲಿ ಮುಟ್ಬಾರ್ದು, ಸೊಪ್ಪು ಆಕ್ಬಾರ್ದು ಅಂತ ಸುಣ್ಣದ ಪುಡಿ ಉದುರ್ಸಿ ಬಂದಿವ್ನಿ. ಅದ್ರ ಮ್ಯಾಲೆ ಅಸೀ ಸೊಪ್ಪು ಸುರ್ದವ್ಳಲ್ಲ! ಪೊರೆ ಬುಟ್ಟು ಮೊದ್ಲೇ ಎದ್ದವು ತಿಂದ್ಕಂಡ್ ಬೆಳೀತವೆ, ಮಿಕ್ಕವು ತ್ಯಾವದಲ್ಲಿ ಕೊಳೀತವೆ. ನಾಳೆಯಿಂದ ಬ್ಯಾಡ ಬುಡಿ ಅವ್ಳು."

ಇಡೀ ಬಸ್ಸಿಗೆ ಕೇಳುವಂತೆ ಕೂಗಿ ಬದುಕಿದ ನನ್ನ ಗಂಟಲಿನಿಂದ ಆಗ ಹೊರಟದ್ದು ಒಂದು "ಊಂ" ಮಾತ್ರ. ಹಾಕಿದವನು ನಾನು ಎನ್ನಲಿಲ್ಲ. ಈ ವಯಸ್ಸಿನಲ್ಲಿ ಒಬ್ಬ ಹೆಂಗಸಿನಿಂದ ಬೈಸಿಕೊಳ್ಳುವ ಅವಮಾನ ಬೇಡವೆಂದು, ಮಗಳ ಪಾಲಿಗಿದ್ದ ಆ ಒಂದೇ ಒಂದು ಕೋಣೆಯನ್ನು ಕೈಬಿಡಲು ಸಿದ್ಧನಾದೆ.

ಪಕ್ಕದ ಕೋಣೆಯ ಬಾಗಿಲು ತೆರೆಯಿತು. ಕಂಬಳಿ ಹೊದ್ದೇ ಸುಮ ಬಂದು ನಿಂತಳು. "ನಾನ್ ಆಕ್ಲಿಲ್ಲ. ನಾನ್ ಇವತ್ತು ಓಗೇ ಇಲ್ಲ."

"ಆಕಿದ್ದು ನಾನೇ ಅಂತ ಅವರ್ಗೆ ನಾಳೆ ಏಳ್ತೀನಿ ಕಣವ್ವ, ಅವರೂ ಕ್ವಾಪದಲ್ಲವ್ರೆ..." ಎಂದೆ.

"ಈಗ್ಲೇ ಏಳು."

ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಎದುರುತ್ತರ ಕೊಡುತ್ತಿದ್ದೆನೋ ಏನೋ. ಪುಟ್ಟಮ್ಮ ಫೋನನ್ನು ತಂದು ನನ್ನ ಕೈಯಲ್ಲಿಟ್ಟಳು. ನಾನು ಎಲ್ಲವನ್ನೂ ಹೇಳಿದೆ: ಬೀಗದಕೈ, ನೆಂಟರು, ಇಲ್ಲದ ಇಲಾಖೆ, ಊಂ ಎಂದದ್ದು. ಆಮೇಲೆ ಗೌರಮ್ಮನವರು ಬೈದ ಬೈಗುಳವನ್ನು ಇಲ್ಲಿ ಬರೆಯುವುದಿಲ್ಲ. ಕೊನೆಗೆ, "ಮಗ್ಳು ಯಾವಾಗ ಬೇಕಾರೂ ಬರ್ಲಿ. ನೀವು ಮಾತ್ರ ನನ್ ಉಳದ ಮನೆ ಒಸ್ಲು ತುಳ್ದೀರ ಜೋಕೆ!" ಎಂದರು.

ಯಾವಾಗ ಬರುತ್ತಾಳೆ ಎಂದು ಅವರೂ ಕೇಳಲಿಲ್ಲ, ನಾನೂ ಸುಮಳನ್ನು ಕೇಳಲಿಲ್ಲ. ಆಮೇಲೆ ಕೆಲವು ದಿನ ಅವಳ ಬಾಗಿಲ ಮುಂದೆ ಹಾದುಹೋಗುವಾಗಲೆಲ್ಲ ಬಾಗಿಲು ತಟ್ಟಲು ಏಳುತ್ತಿದ್ದ ಕೈಯನ್ನು ಜೇಬಿನೊಳಗೆ ಇಟ್ಟುಕೊಂಡೆ. ಊಟವನ್ನು ಪುಟ್ಟಮ್ಮ ಹೊರಗಿಡುತ್ತಿದ್ದಳು; ಹಸಿವಾದಾಗ ಸುಮ ತಾನಾಗಿಯೇ ತೆಗೆದುಕೊಳ್ಳುತ್ತಿದ್ದಳು. ಪ್ರೀತಿಯಿಂದ ಸುಮ್ಮನಿರುವುದು ಪ್ರೀತಿಯಿಂದ ಬಡಿಸುವುದಕ್ಕಿಂತ ಕಷ್ಟವೆಂದು ನನಗೆ ಯಾವ ಹೈಸ್ಕೂಲಿನಲ್ಲೂ ಹೇಳಿಕೊಟ್ಟಿರಲಿಲ್ಲ.

ಒಂದು ಬೆಳಿಗ್ಗೆ ಅವಳಾಗಿಯೇ ತಲೆ ಬಾಚಿಕೊಂಡು ಬಂದು, "ಸ್ಕೂಟ್ರು ತಗಿ" ಎಂದಳು. ಧನಗೆರೆಯಲ್ಲಿ ಅವಳು ಕಾಲು ತೊಳೆದು ಒಳಗೆ ಹೋಗುವವರೆಗೂ ಗೇಟಿನ ಆಚೆಯೇ ನಿಂತಿದ್ದೆ. ಅಷ್ಟರಲ್ಲಿ ಶಾಗ್ಯದ ಕಡೆಯ ರೈತನೊಬ್ಬ ಬೈಕು ನಿಲ್ಲಿಸಿ, ತನಗೆ ಬರಬೇಕಾದ ಹುಳು ಹೇಗಿವೆಯೋ ನೋಡಬೇಕೆಂದು ನೇರ ಬಾಗಿಲ ಕಡೆಗೆ ಹೊರಟ. ಜೀವಮಾನವಿಡೀ ಒಳಗೆ ಹೋಗಿ, ಒಳಗೆ ಹೋಗಿ ಎಂದು ಜನರನ್ನು ತಳ್ಳಿದ ನಾನು ಅಡ್ಡ ನಿಂತು ಕೈ ಚಾಚಿದೆ.

"ಒಳೀಕೋಗಂಗಿಲ್ಲ ಸಾ. ಒರಗಿನೋರ್ಗೆ ಬುಡಾಕಿಲ್ಲ."

"ನೀವ್ಯಾರು, ಮನೇವ್ರಾ?"

"ಇಲ್ಲ ಸಾ," ಎಂದೆ. "ನಾನೂ ಒರಗಿನೋನೇ. ಬನ್ನಿ, ಇಲ್ಲೇ ಕಾಯುವ."