ಚಳಿಗಾಲವಿಲ್ಲದ ಸರೋವರದ ಮೀನು

ಮೀನಿನ ವಯಸ್ಸು ತಿಳಿಯುವುದು ಹೇಗೆ ಎಂಬ ಪ್ರಶ್ನೆಗೆ ಸರಿಯಾದ ಉತ್ತರ ಬರೆದ ಹುಡುಗಿಗೆ ನಮ್ಮ ಶಾಲೆ ಸೊನ್ನೆ ಕೊಟ್ಟಿತು. ನೆನೆದರೆ ಈಗಲೂ ಮೈ ಉರಿಯುತ್ತದೆ.

ನೈರೋಬಿಯಲ್ಲಿ, ಹೈರಿಡ್ಜ್ ಹತ್ತಿರದ ಖಾಸಗಿ ಶಾಲೆಯೊಂದರಲ್ಲಿ ನಾನು ವಿಜ್ಞಾನ ಕಲಿಸುತ್ತೇನೆ. ನಮ್ಮ ಮನೆತನದಲ್ಲಿ ಡಿಗ್ರಿ ಮಾಡಿದವಳು ನಾನೇ ಮೊದಲು. ಉಡುಪಿ ಕಡೆಯ ಕಡಲ ಬದಿಯಲ್ಲಿ ಅಮ್ಮ ಬುಟ್ಟಿ ಹೊತ್ತು ಮೀನು ಮಾರಿ ಓದಿಸಿದಳು. ಕಾಲೇಜಿನಲ್ಲಿ ನನ್ನ ಪಕ್ಕ ಕೂರಬೇಕಾದರೆ ಮೂಗು ಮುಚ್ಚಿಕೊಳ್ಳುತ್ತಿದ್ದವರಿದ್ದರು. ಅವರ ನಡುವೆಯೇ ಕೂತು ಅವರಿಗಿಂತ ಹೆಚ್ಚು ಮಾರ್ಕ್ ತೆಗೆದೆ. ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ.

ಪಠ್ಯಪುಸ್ತಕದಲ್ಲಿ ಹಿಮ ಬೀಳುವ ದೇಶದ ನದಿಯ ಮೀನೊಂದರ ಚಿತ್ರವಿತ್ತು. ಚಳಿಗಾಲದಲ್ಲಿ ಮೀನು ನಿಧಾನ ಬೆಳೆಯುತ್ತದೆ, ಅದರ ಮೈಮೇಲಿನ ಹುರುಪೆಯಲ್ಲಿ ವರ್ಷಕ್ಕೊಂದು ಉಂಗುರ ಮೂಡುತ್ತದೆ, ಎಣಿಸಿದರೆ ವಯಸ್ಸು ಸಿಗುತ್ತದೆ ಎಂದು ಬರೆದಿತ್ತು. ನನ್ನ ಕ್ಲಾಸಿನಲ್ಲಿ ವಿಕ್ಟೋರಿಯಾ ಸರೋವರದ ಕಡೆಯ ಮಕ್ಕಳು ಬಹಳ. ಭಾನುವಾರ ಮನೆಯಲ್ಲಿ ತಿಲಾಪಿಯಾ ಮೀನು ಇದ್ದೇ ಇರುತ್ತದೆ. ಹುರುಪೆ ತೊಳೆದು ಒಣಗಿಸಿ ತನ್ನಿ ಎಂದೆ.

"ಟೀಚರ್, ಬರೀ ಹುರುಪೆ ಸಾಕಾ, ಮೀನು ಬೇಡ್ವಾ ಅಂತ ಅಮ್ಮ ಕೇಳಿದ್ರು," ಎಂದ ಒಬ್ಬ.

"ಮೀನು ನೀವೇ ತಿನ್ನಿ, ಕಸ ನನಗೆ ಕೊಡಿ."

ಕ್ಲಾಸು ಹೋ ಎಂದು ನಕ್ಕಿತು. ಭೂತಗನ್ನಡಿಗೆ ನೂಕುನುಗ್ಗಲು. ಆಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಕೈ ಎತ್ತಿದಳು.

"ನಮ್ಮಜ್ಜಿ ಊರು ಸರೋವರದ ದಂಡೆಯಲ್ಲೇ ಇದೆ ಟೀಚರ್. ಅಲ್ಲಿ ಹಿಮವೂ ಇಲ್ಲ, ಅಂಥ ಚಳಿಗಾಲವೂ ಇಲ್ಲ. ಮತ್ತೆ ಈ ಗೆರೆ ಯಾವ ಲೆಕ್ಕದ್ದು?"

ನನಗೂ ಹೊಳೆದಿರಲಿಲ್ಲ. ಓದಿಕೊಂಡು ಬಂದು ಮಾರನೆಯ ದಿನ ಹೇಳಿದೆ: ಆಹಾರ ಕಡಿಮೆಯಾದಾಗಲೂ, ಮೊಟ್ಟೆ ಇಡುವಾಗಲೂ ಬೆಳವಣಿಗೆ ನಿಧಾನವಾಗಿ ಗೆರೆ ಬೀಳಬಹುದು. ಒಂದು ಗೆರೆಗೆ ಒಂದು ವರ್ಷ ಅಂತ ಕಣ್ಣು ಮುಚ್ಚಿ ಹೇಳಲಾಗದು. ಅವತ್ತು ಪೀರಿಯಡ್ ಮುಗಿದರೂ ವಾದ ಮುಗಿಯಲಿಲ್ಲ. ಪಾಠ ಅಂದರೆ ಅದು.

ಅಂತರಶಾಲಾ ವಿಜ್ಞಾನ ಸ್ಪರ್ಧೆಯ ತಂಡಕ್ಕೆ ಟೆಸ್ಟ್ ಇಟ್ಟರು. ಅದೇ ಪ್ರಶ್ನೆ ಬಂತು. "ಚಳಿ ದೇಶದಲ್ಲಾದರೆ ಉಂಗುರ ಎಣಿಸಬಹುದು. ನಮ್ಮ ಸರೋವರದಲ್ಲಿ ಅಷ್ಟೇ ಸಾಲದು" ಎಂದು ಬರೆದಳು ಆ ಹುಡುಗಿ. ಪೇಪರ್ ತಿದ್ದಿದವರು ನಮ್ಮ ವಿಭಾಗದ ಮುಖ್ಯಸ್ಥರು, ಮೈಸೂರಿನವರು. ಸೊನ್ನೆ. ಆ ಒಂದೇ ಪ್ರಶ್ನೆಯಿಂದ ಅವಳು ತಂಡದಿಂದ ಹೊರಗೆ.

ಸ್ಟಾಫ್ ರೂಮಿಗೆ ನೆಟ್ಟಗೆ ಹೋದೆ.

"ಸರ್, ಇದು ಸರಿ ಉತ್ತರ."

"ಆನ್ಸರ್ ಕೀನಲ್ಲಿ ಇಲ್ವಲ್ಲ ಮೇಡಂ."

"ಸರೋವರದಲ್ಲಿ ಹಿಮ ಬೀಳುತ್ತಾ ಸರ್?"

"ಅದು ನಮಗ್ಯಾಕೆ?" ಎಂದು ನಕ್ಕರು. "ನಿಮ್ಮ ಕಡೆಯವರಿಗೆ ಮೀನು ಕಂಡ್ರೆ ಬೇರೇನೂ ಕಾಣಲ್ಲ ಬಿಡಿ."

ಪಕ್ಕದವರಿಗೆ ತಿಳಿಯದಿರಲಿ ಎಂದೇ ಆ ಕೊನೆಯ ಮಾತನ್ನು ಮಾತ್ರ ಕನ್ನಡದಲ್ಲಿ ಹೇಳಿದ್ದು. ನಾನು ಇಡೀ ರೂಮಿಗೆ ಕೇಳುವಂತೆ ಇಂಗ್ಲಿಷಿಗೆ ತರ್ಜುಮೆ ಮಾಡಿದೆ. ಎಲ್ಲರೂ ತಲೆ ಎತ್ತಿ ನೋಡಿದರು. ಸರ್ ಮುಖ ಕೆಂಪಾಯಿತು.

ಸಂಜೆ ಅವರೇ ನನ್ನನ್ನು ಕರೆಸಿದರು. "ಪಾಪ ಅಂತ ಅರ್ಧ ಮಾರ್ಕ್ ಕೊಡ್ತೀನಿ, ಅವಳು ತಂಡಕ್ಕೆ ಸೇರ್ತಾಳೆ. ಕೆಳಗೆ ಪುಸ್ತಕದ ಉತ್ತರ ಬರೆದುಕೊಡಲಿ."

ಪಾಪವಂತೆ! ಅಮ್ಮನಿಗೂ ಹೀಗೆಯೇ, ಪಾಪ ಎನ್ನುತ್ತಲೇ ಬೆಲೆ ಇಳಿಸುತ್ತಿದ್ದರು ಜನ. ಆದರೂ ಹುಡುಗಿಯನ್ನು ಕರೆದು ಇದ್ದದ್ದು ಇದ್ದ ಹಾಗೆ ಹೇಳಿದೆ. ಬರೆಯುವುದು ಬಿಡುವುದು ಅವಳಿಗೇ ಬಿಟ್ಟದ್ದು.

ಪೇಪರ್ ನೋಡಿ ಕೇಳಿದಳು: "ಅರ್ಧ ಮಾರ್ಕ್ ಅಂದ್ರೆ ನಮ್ಮ ಸರೋವರದಲ್ಲಿ ಅರ್ಧ ಚಳಿಗಾಲ ಇದೆ ಅಂತಲಾ ಟೀಚರ್?"

ಬರೆಯಲಿಲ್ಲ. ತಂಡದ ಜೊತೆ ನೀವು ಹೋಗಬೇಕು ಎಂದು ಪ್ರಿನ್ಸಿಪಾಲರು ನನಗೆ ಹೇಳಿದರು. ಆಗುವುದಿಲ್ಲ ಎಂದೆ. ತಂಡ ಬಸ್ಸು ಹತ್ತಿದ ಬೆಳಿಗ್ಗೆ ಅವಳು ನನ್ನ ಕ್ಲಾಸಿನಲ್ಲೇ ಕೂತಿದ್ದಳು, ಕಿಟಕಿಯತ್ತ ನೋಡದೆ. ನಾನು ಅವಳ ಪೇಪರ್ ತೆಗೆದು, ಸೊನ್ನೆಯನ್ನು ಹೊಡೆದುಹಾಕಿ, ಪೂರ್ತಿ ಮಾರ್ಕ್ ಕೊಟ್ಟು, ಕೆಳಗೆ ನನ್ನ ಸಹಿ ಮಾಡಿ ಅವಳ ಕೈಗೇ ಕೊಟ್ಟೆ. ಯಾವ ಅಧಿಕಾರದಿಂದ ಹಾಕಿದಿರಿ ಎಂದು ಕೇಳುವವರು ಕೇಳಲಿ. ಇದುವರೆಗೆ ಸರ್ ಕೇಳಿಲ್ಲ.