ತಗಡಿನ ಮಾಡಿನ ಕೆಳಗಿನ ಚರಿತ್ರೆ ಪಾಠ

ಕೊಬ್ಬರಿ ಎಣ್ಣೆಯಲ್ಲಿ ಬೆಳ್ಳುಳ್ಳಿ ಎಸಳು ಕೆಂಪಗಾಗುವ ವಾಸನೆ ಯಾರ ಮನೆಯಿಂದ ತೇಲಿಬಂದರೂ ಇವತ್ತಿಗೂ ನನ್ನ ಕೈಕೆಲಸ ಅಲ್ಲಿಗೇ ನಿಲ್ಲುತ್ತದೆ. ಬೇರೆಯವರಿಗೆ ಅದು ಬರೀ ಒಗ್ಗರಣೆಯ ವಾಸನೆ ಇರಬಹುದು. ನನಗೆ ಅದು ಮಡಿಕೇರಿಯ ಹೈಸ್ಕೂಲಿನ ಹಿಂಬದಿಯ ಕ್ವಾರ್ಟರ್ಸು, ಅದರ ಹೊಗೆ ಹಿಡಿದ ಅಡಿಗೆಮನೆ, ಸಂಜೆಯ ಮಬ್ಬುಬೆಳಕು. ಸ್ಕೂಲಿನಿಂದ ಬಂದು ಕೋಟು ತೆಗೆದು ಗೂಟಕ್ಕೆ ಸಿಕ್ಕಿಸಿದ ಅಪ್ಪ ಅವ್ವನ ತೊಡೆಯ ಮೇಲೆ ತಲೆ ಅಡ್ಡಹಾಕಿ ಮಲಗುತ್ತಿದ್ದರು. ಊರಿಗೆಲ್ಲ ಮೇಷ್ಟ್ರಾದ ಆ ಎತ್ತರದ ಮನುಷ್ಯ ಆ ಹೊತ್ತಿನಲ್ಲಿ ಚಿಕ್ಕ ಮಗುವಿನ ಹಾಗೆ ಕಾಣುತ್ತಿದ್ದರು. ಅವ್ವ ಸೌಟಿನಲ್ಲಿ ಕಾಯಿಸಿದ ಎಣ್ಣೆಯನ್ನು ಊದಿ ಊದಿ ಆರಿಸಿ, ತನ್ನ ಮುಂಗೈ ಮೇಲೆ ಒಂದು ಹನಿ ಬಿಟ್ಟು ಬಿಸಿ ನೋಡಿ, ಆಮೇಲೆ ಹತ್ತಿಯ ಬತ್ತಿಯಲ್ಲಿ ಅದ್ದಿ ಅವರ ಕಿವಿಗೆ ಇಳಿಸುತ್ತಿದ್ದಳು. "ಅಲ್ಲಾಡ್ಬೇಡಿ, ಎಣ್ಣೆ ಬಿಸಿ ಐತೆ. ಮಳೆ ಕಳೀಲಿ, ಎಲ್ಲಾ ಸರಿ ಹೋಗ್ತೈತೆ," ಎನ್ನುತ್ತಿದ್ದಳು. ಆ ಮಾತು ಅಪ್ಪನಿಗೆ ಕೇಳಿಸುತ್ತಿರಲಿಲ್ಲ ಎಂಬುದು ಅವಳಿಗೂ ಗೊತ್ತಿತ್ತು.

ನಾವು ಉತ್ತರ ಕೊಡಗಿನವರು, ಶನಿವಾರಸಂತೆಯ ಕಡೆಯ ಒಕ್ಕಲು ಮನೆತನ. ಅಪ್ಪನ ಹೆಸರು ಮಲ್ಲಪ್ಪ. ಅವರ ವಂಶದಲ್ಲಿ ನೇಗಿಲು ಬಿಟ್ಟು ಚಾಕ್‌ಪೀಸು ಹಿಡಿದವರಲ್ಲಿ ಅವರೇ ಮೊದಲಿಗರು. ಕೊಡಗು ತನ್ನದೇ ಒಂದು ಪುಟ್ಟ ರಾಜ್ಯವಾಗಿದ್ದ ಆ ಕೆಲವು ವರ್ಷಗಳಲ್ಲಿ ಅವರು ಮಡಿಕೇರಿಯ ಹೈಸ್ಕೂಲಿನಲ್ಲಿ ಚರಿತ್ರೆ ಕಲಿಸುತ್ತಿದ್ದರು. ನಿಮ್ಮಲ್ಲಿ ಹಳಬರಿದ್ದರೆ ಆ ಕಾಲದ ಮಡಿಕೇರಿ ನೆನಪಿರಬಹುದು. ಕೋಟೆಯ ಕಡೆ ನಡೆದು ಹೋಗುವ ಮಂತ್ರಿಯನ್ನು ಪೇಟೆಯವರು ನಿಲ್ಲಿಸಿ ಮಾತಾಡಿಸಬಹುದಿತ್ತು; ಇಡೀ ರಾಜ್ಯದಲ್ಲಿ ಯಾರ ಮಗ ಯಾವ ಕ್ಲಾಸಿನಲ್ಲಿ ಓದುತ್ತಾನೆಂದು ಎಲ್ಲರಿಗೂ ಗೊತ್ತಿತ್ತು. ನಮ್ಮ ಹೈಸ್ಕೂಲು ಬಿಳಿ ದೊರೆಗಳ ಕಾಲದ ಕಲ್ಲಿನ ಕಟ್ಟಡ. ದಪ್ಪ ಗೋಡೆ, ಉದ್ದ ಜಗಲಿ, ಜುಲೈ ತಿಂಗಳಲ್ಲಿ ಕಿಟಕಿಯಿಂದ ಒಳಗೆ ಬಂದು ಕಪ್ಪು ಹಲಗೆಯನ್ನು ಒದ್ದೆ ಮಾಡಿ ಹೋಗುವ ಮಂಜು. ಭಾಗಮಂಡಲದ ಕಡೆಯಿಂದ, ಪಾಲಿಬೆಟ್ಟದ ಎಸ್ಟೇಟುಗಳಿಂದ, ಸುಂಟಿಕೊಪ್ಪದ ಅಂಗಡಿ ಮನೆಗಳಿಂದ ಮಕ್ಕಳು ಬಂದು ತುಂಬಿಕೊಂಡ ಮೇಲೆ ಕಲ್ಲಿನ ಕಟ್ಟಡ ಸಾಲದಾಯಿತು. ಆಗ ಜಗಲಿಯ ತುದಿಗೆ ತಗಡಿನ ಮಾಡಿನದೊಂದು ಕೋಣೆ ಕಟ್ಟಿದರು. ಅಪ್ಪನ ಕ್ಲಾಸು ಅಲ್ಲಿ. ಅವರ ಮಗಳಾದ ನಾನೂ ಆ ವರ್ಷ ಅದೇ ಕ್ಲಾಸಿನಲ್ಲಿ, ಹುಡುಗಿಯರಿಗೆಂದು ಗೋಡೆಯ ಬದಿಗೆ ಹಾಕಿದ್ದ ಬೆಂಚಿನಲ್ಲಿ ಕೂರುತ್ತಿದ್ದೆ.

ಮಡಿಕೇರಿಯ ಮಳೆ ಆ ತಗಡಿನ ಮೇಲೆ ಬೀಳುವಾಗ ಆಗುತ್ತಿದ್ದ ಸದ್ದನ್ನು ಹೇಗೆ ವರ್ಣಿಸಲಿ? ಪಕ್ಕದಲ್ಲಿ ಕೂತವಳು ಕಿವಿಗೆ ಬಾಯಿ ಹಚ್ಚಿ ಕೂಗಿದರೂ ಅರ್ಧ ಮಾತು ತಗಡಿಗೇ ಹೋಗುತ್ತಿತ್ತು. ಜೂನ್‌ನಿಂದ ಸೆಪ್ಟೆಂಬರಿನವರೆಗೆ ಆ ಕೋಣೆಯಲ್ಲಿ ಪಾಠ ಮಾಡುವ ಎಲ್ಲ ಮೇಷ್ಟ್ರುಗಳೂ ಬಾಯಿ ಮುಚ್ಚಿ ಹಲಗೆಯ ಮೇಲೆ ಬರೆಯುತ್ತಿದ್ದರು. ಗಣಿತದವರೂ ಬರೆದರು, ವಿಜ್ಞಾನದವರೂ ಬರೆದರು, ಅಪ್ಪನೂ ಬರೆದರು. ನಾಲ್ಕು ತಿಂಗಳು ಆ ಕೋಣೆಯಲ್ಲಿ ಎಲ್ಲರೂ ಕಿವುಡರೇ ಆದದ್ದರಿಂದ ಯಾರು ನಿಜವಾದ ಕಿವುಡರೆಂದು ತಿಳಿಯುವ ದಾರಿಯೇ ಇರಲಿಲ್ಲ. ಹಿಂದಿನ ಮಳೆಗಾಲದಲ್ಲೇ ಅಪ್ಪನ ಕಿವಿ ಮಂದವಾಗಿತ್ತು. ಈ ಮಳೆಗಾಲ ಮುಗಿಯುವಷ್ಟರಲ್ಲಿ ಪೂರ್ತಿ ಹೋಗಿತ್ತು. ದಸರಾ ರಜೆಯಲ್ಲಿ ಮೈಸೂರಿಗೆ ಹೋಗಿ ತೋರಿಸಿಕೊಂಡು ಬಂದರು. ನರ ಸತ್ತಿದೆ, ಮದ್ದಿಲ್ಲ ಎಂದರಂತೆ. ಅಪ್ಪ ಅದನ್ನು ಹೇಳಿ ಮುಗಿಸಿದ ಮೇಲೂ ಅವ್ವ ಬೆಳ್ಳುಳ್ಳಿ ಸುಲಿಯುವುದನ್ನು ನಿಲ್ಲಿಸಲಿಲ್ಲ. ನನ್ನನ್ನು ಹಿತ್ತಿಲಿಗೆ ಕರೆದು, "ಯಾರ್ ಹತ್ರಾನೂ ಬಾಯ್ ಬಿಡ್ಬೇಡ ಕಣವ್ವ. ಕೆಲ್ಸ ಹೋದ್ರೆ ಈ ಮನೇನೂ ಹೋಯ್ತದೆ," ಎಂದಳು. ಊರಿನಲ್ಲಿ ನಮ್ಮದು ಅಂತ ಉಳಿದಿದ್ದದ್ದು ದೊಡ್ಡಪ್ಪನ ಮನೆಯ ಒಂದು ಕೋಣೆ ಮಾತ್ರ. ಅಪ್ಪನೂ ಸ್ಕೂಲಿನಲ್ಲಿ ಒಂದು ಮಾತು ಎತ್ತಲಿಲ್ಲ. ಮಕ್ಕಳ ತುಟಿ ನೋಡಿ ಮಾತು ತಿಳಿಯುವುದನ್ನು ತಾವೇ ಕಲಿತುಕೊಂಡಿದ್ದರು. ಯಾರಿಗೂ ಗೊತ್ತಿಲ್ಲವೆಂದೇ ನಂಬಿದ್ದರು.

ಮಳೆ ನಿಂತು ಬಿಸಿಲು ಬಂತು. ಉಳಿದ ಮೇಷ್ಟ್ರುಗಳೆಲ್ಲ ಬಾಯಿಬಿಟ್ಟು ಪಾಠ ಶುರುಮಾಡಿದರು. ಅಪ್ಪ ಮಾತ್ರ ಹಲಗೆ ತುಂಬ ಬರೆಯುತ್ತಲೇ ಇದ್ದರು, ಬರೆದದ್ದನ್ನು ತಿರುಗಿ ನಿಂತು ವಿವರಿಸುತ್ತಿದ್ದರು. ಒಂದು ದಿನ ಕಳಿಂಗ ಯುದ್ಧದ ಪಾಠ. ಅಪ್ಪ ಹಲಗೆಯ ಕಡೆ ಮುಖ ಮಾಡಿದ್ದಾಗ ನನ್ನ ಪಕ್ಕದ ಚೋಂದಮ್ಮ ಎದ್ದು ನಿಂತಳು. ಅವಳು ಪಾಲಿಬೆಟ್ಟದ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರರ ಮಗಳು, ಮನಸ್ಸಿಗೆ ಬಂದದ್ದನ್ನು ಕೇಳದೆ ಬಿಡುವವಳಲ್ಲ. "ಸಾರ್, ಯುದ್ಧಕ್ಕೆ ಹೋದ ಮೇಲೆ ಅಶೋಕನ ಹೆಂಡತಿ ಮಕ್ಕಳು ಎಂತ ಆದರು?" ಎಂದಳು. ಅಪ್ಪ ತಿರುಗುವಷ್ಟರಲ್ಲಿ ಅವಳ ಮಾತು ಮುಗಿದಿತ್ತು. ನಿಂತಿದ್ದ ಅವಳನ್ನು ನೋಡಿ, ಏನೋ ಊಹಿಸಿಕೊಂಡು, ನಗುತ್ತ, "ಹೌದು, ಆನೆಗಳೂ ಇದ್ದವು, ಬಹಳ ಆನೆಗಳು," ಎಂದರು. ನಾನು ತಲೆ ತಗ್ಗಿಸಿದೆ. ಈಗ ನಗುತ್ತಾರೆ, ಈಗ ನಗುತ್ತಾರೆ ಎಂದು ಕಾದೆ. ಒಬ್ಬರೂ ನಗಲಿಲ್ಲ. ಕ್ಲಾಸಿನ ಲೀಡರ್ ಹಮೀದ್, ಸುಂಟಿಕೊಪ್ಪದ ಬಟ್ಟೆ ಅಂಗಡಿಯವರ ಮಗ, ಮೆಲ್ಲಗೆ ಎದ್ದು ಅಪ್ಪನ ಮುಂದೆ ಹೋಗಿ ನಿಂತು ಒಂದೊಂದೇ ಪದ ಬಿಡಿಸಿ ಹೇಳಿದ: "ಸಾರ್, ಅಶೋಕನ ಹೆಂಡತಿ, ಮಕ್ಕಳು. ಅವರ ಕತೆ ಎಂತ ಅಂತ ಕೇಳ್ತಾಳೆ." ಅಪ್ಪ ಅವನ ತುಟಿಯನ್ನೇ ನೋಡಿದರು. ಆಮೇಲೆ ಚೋಂದಮ್ಮನಿಗೆ ಆ ರಾಣಿಯ ಕತೆ, ಸಿಂಹಳಕ್ಕೆ ಹೋದ ಮಗ ಮಗಳ ಕತೆ ಹೇಳಿದರು. ಅಷ್ಟು ಚೆಂದವಾಗಿ ಅವರು ಮತ್ತಾವ ದಿನವೂ ಪಾಠ ಮಾಡಿದ ನೆನಪಿಲ್ಲ ನನಗೆ.

ಆ ದಿನದಿಂದ ಕ್ಲಾಸಿನಲ್ಲಿ ಒಂದು ಪದ್ಧತಿ ತಾನಾಗಿಯೇ ಬೆಳೆಯಿತು. ಯಾರು ಹೇಳಿಕೊಟ್ಟರೋ, ಯಾವಾಗ ಮಾತಾಡಿಕೊಂಡರೋ ನನಗೆ ತಿಳಿಯದು, ಏಕೆಂದರೆ ಮೇಷ್ಟ್ರ ಮಗಳೆಂದು ನನ್ನನ್ನು ಹೊರಗಿಟ್ಟೇ ಮಾಡಿದ್ದರು. ಅಪ್ಪ ಹಲಗೆಯ ಕಡೆ ತಿರುಗಿದಾಗ ಯಾರೂ ಮಾತಾಡುತ್ತಿರಲಿಲ್ಲ. ಪ್ರಶ್ನೆ ಇದ್ದವರು ಎದ್ದು ಮುಂದಿನ ಬೆಂಚಿನ ಹತ್ತಿರ ಬಂದು ಕೇಳುತ್ತಿದ್ದರು. ಮನೆಯಲ್ಲಿ ಕೊಡವ ತಕ್ಕ್ ಆಡುವವರು, ಅರೆಭಾಷೆಯವರು, ಮಲಯಾಳದವರು, ತುಳುವಿನವರು, ಎಲ್ಲರೂ ಅಪ್ಪನೆದುರು ತಮ್ಮ ತಮ್ಮ ಕನ್ನಡವನ್ನು ನಿಧಾನ ಮಾಡಿಕೊಂಡರು. ಬಾಗಿಲಲ್ಲಿ ಯಾರಾದರೂ ಬಂದು ನಿಂತರೆ ಇಡೀ ಕ್ಲಾಸು ಒಟ್ಟಿಗೆ ಬಾಗಿಲ ಕಡೆ ನೋಡುತ್ತಿತ್ತು; ಆ ಕಣ್ಣುಗಳನ್ನು ನೋಡಿ ಅಪ್ಪನೂ ತಿರುಗುತ್ತಿದ್ದರು. ನಾನು ಕ್ಲಾಸಿನವರಿಂದ ಮುಚ್ಚಿಟ್ಟುಕೊಂಡಿದ್ದೆ, ಕ್ಲಾಸಿನವರು ನನ್ನಿಂದ ಮುಚ್ಚಿಟ್ಟುಕೊಂಡಿದ್ದರು. ಒಂದು ಸಂಜೆ ಸ್ಕೂಲು ಬಿಟ್ಟು ಮೆಟ್ಟಿಲಿಳಿಯುವಾಗ ಚೋಂದಮ್ಮ ಇದ್ದಕ್ಕಿದ್ದಂತೆ ನನ್ನ ಕೈ ಹಿಡಿದು, "ನಿನ್ನ ಅಪ್ಪನ ಪಾಠ ಎಲ್ಲರಿಗೂ ಇಷ್ಟ ಗೊತ್ತುಂಟಾ?" ಎಂದು ಬಿಟ್ಟು ಓಡಿದಳು. ಅದರಾಚೆಗೆ ಆ ವಿಷಯದಲ್ಲಿ ಒಂದು ಮಾತೂ ನಮ್ಮ ನಡುವೆ ಆಗಲಿಲ್ಲ.

ಕಾಫಿ ಕೊಯ್ಲಿನ ದಿನಗಳಲ್ಲಿ ಸ್ಕೂಲು ನೋಡಲು ಇನ್ಸ್‌ಪೆಕ್ಟರರು ಬಂದರು. ಕೊಡಗಿನವರಲ್ಲ, ಹೊರಗಿನಿಂದ ಬಂದವರು. ಸೌಮ್ಯ ಮುಖ, ಮೇಲ್ದುಟಿ ಪೂರ್ತಿ ಮುಚ್ಚುವ ದಪ್ಪ ಮೀಸೆ. ನಮ್ಮ ಹೆಡ್‌ಮಾಸ್ಟರ್ ಉತ್ತಯ್ಯನವರ ಜೊತೆ ಅವರು ಹಿಂದಿನ ಬಾಗಿಲಿನಿಂದ ಕ್ಲಾಸಿಗೆ ಬಂದಾಗ ಎಲ್ಲರೂ ಹಿಂದೆ ತಿರುಗಿದರು, ಅಪ್ಪ ಕೈ ಮುಗಿದರು. ಪಾಠ ನಡೆಯಿತು. ಹಮೀದ್ ಎದ್ದು ಉತ್ತರ ಹೇಳಿದ, ಚೋಂದಮ್ಮ ಮುಂದೆ ಬಂದು ಪ್ರಶ್ನೆ ಕೇಳಿದಳು. ಎಲ್ಲ ಸರಾಗವಾಗಿ ಸಾಗುತ್ತಿದೆ ಅನ್ನುವಾಗ ಇನ್ಸ್‌ಪೆಕ್ಟರರು ಅಪ್ಪನನ್ನೇ ನೋಡಿ ಏನೋ ಕೇಳಿದರು. ಮೀಸೆ ಸ್ವಲ್ಪ ಅಲುಗಿತು, ಅಷ್ಟೆ. ಅಪ್ಪ ಆ ಮೀಸೆಯ ಕೆಳಗೆ ತುಟಿ ಹುಡುಕಿದರು. ಇನ್ಸ್‌ಪೆಕ್ಟರರು ಮತ್ತೊಮ್ಮೆ ಕೇಳಿದರು. ಹಮೀದ್ ಅರ್ಧ ಎದ್ದವನು ಹೆಡ್‌ಮಾಸ್ಟರರ ಮುಖ ನೋಡಿ ಕೂತುಬಿಟ್ಟ. ಹೊರಗೆ ಮೈದಾನದಲ್ಲಿ ಹಾಕಿ ಆಡುವವರ ಕೋಲಿನ ಸದ್ದು ನಮಗೆಲ್ಲ ಕೇಳುತ್ತಿತ್ತು.

ಅಪ್ಪ ಮೇಜಿನ ಮೇಲಿನ ಚಾಕ್‌ಪೀಸು ತೆಗೆದುಕೊಂಡು ಬೆಂಚುಗಳ ನಡುವೆ ನಡೆದು ಹೋಗಿ ಇನ್ಸ್‌ಪೆಕ್ಟರರ ಕೈಗೆ ಕೊಟ್ಟರು. "ಕ್ಷಮಿಸಬೇಕು ಸಾರ್. ನನಗೆ ಕಿವಿ ಕೇಳುವುದಿಲ್ಲ. ಹಲಗೆಯ ಮೇಲೆ ಬರೆದರೆ ಉತ್ತರ ಹೇಳುತ್ತೇನೆ," ಎಂದರು. ಇನ್ಸ್‌ಪೆಕ್ಟರರು ಕೈಯಲ್ಲಿನ ಚಾಕ್‌ಪೀಸು ನೋಡಿದರು. ಆಮೇಲೆ ಮುಂದೆ ಬಂದು ದುಂಡಗಿನ ಅಕ್ಷರದಲ್ಲಿ, "ಎಷ್ಟು ಕಾಲದಿಂದ?" ಎಂದು ಬರೆದರು. "ಎರಡು ಮಳೆಗಾಲ ಆಯಿತು ಸಾರ್." ಅವರು ಅದರ ಕೆಳಗೆ, "ಮಕ್ಕಳಿಗೆ ಗೊತ್ತೆ?" ಎಂದು ಬರೆದರು. "ಇಲ್ಲ ಸಾರ್. ಗೊತ್ತಾಗದ ಹಾಗೆ ನೋಡಿಕೊಂಡಿದ್ದೇನೆ," ಎಂದು ಹೇಳುತ್ತ ಅಪ್ಪ ನಮ್ಮ ಕಡೆ ತಿರುಗಿದರು. ಯಾರೊಬ್ಬರೂ ತಲೆ ಎತ್ತಲಿಲ್ಲ. ಹಮೀದ್ ಡೆಸ್ಕಿನ ಮೇಲಿನ ಮಸಿಯ ಕಲೆಯನ್ನು ಉಗುರಿನಿಂದ ಕೆರೆಯುತ್ತಿದ್ದ. ಚೋಂದಮ್ಮನ ಕಣ್ಣಿನಿಂದ ನೀರು ಪುಸ್ತಕದ ಮೇಲೆ ಬೀಳುತ್ತಿತ್ತು. ಅಪ್ಪ ಒಂದು ಬೆಂಚಿನಿಂದ ಇನ್ನೊಂದು ಬೆಂಚಿಗೆ, ಒಬ್ಬೊಬ್ಬರನ್ನೂ ನೋಡಿದರು. ಮುಂದೆ ಬಂದು ಪ್ರಶ್ನೆ ಕೇಳುತ್ತಿದ್ದವರು, ಬಾಗಿಲ ಕಡೆ ಒಟ್ಟಿಗೆ ತಿರುಗುತ್ತಿದ್ದವರು, ಅಷ್ಟು ದಿನ ಅವರ ಬೆನ್ನ ಹಿಂದೆ ಒಂದು ಪಿಸುಮಾತೂ ಆಡದವರು. ಅವರಿಗೆ ಎಲ್ಲ ಅರ್ಥವಾಯಿತು. ಕ್ಲಾಸಿನಲ್ಲಿ ಎಂದೂ ಕೂರದ ನನ್ನ ಅಪ್ಪ ಕುರ್ಚಿ ಎಳೆದು ಕೂತರು. ಇನ್ಸ್‌ಪೆಕ್ಟರರು ತಾವು ಬರೆದದ್ದನ್ನು ತಾವೇ ಒರೆಸಿ, ಚಾಕ್‌ಪೀಸನ್ನು ಮೇಜಿನ ಮೇಲೆ ಮೆಲ್ಲಗೆ ಇಟ್ಟು ಹೊರಟರು.

ಅದೇ ಸಂಜೆ ಉತ್ತಯ್ಯನವರು ನಮ್ಮ ಮನೆಗೆ ಬಂದರು. ದೊಡ್ಡ ದನಿಯ, ಎಲ್ಲರನ್ನೂ ಏಕವಚನದಲ್ಲಿ ಕರೆಯುವ ಕೊಡವ ಮನುಷ್ಯ. ಅವರಿಗೂ ಮೊದಲೇ ಗೊತ್ತಿತ್ತೆಂದು, ಗೊತ್ತಿದ್ದೇ ಅಪ್ಪನನ್ನು ಜಗಲಿಯ ತುದಿಯ ಕೋಣೆಯಿಂದ ಬದಲಿಸದೆ ಬಿಟ್ಟಿದ್ದರೆಂದು ಅವತ್ತು ತಿಳಿಯಿತು. "ಪಾಠದಲ್ಲಿ ಒಂದು ಕುಂದಿಲ್ಲ ಅಂತ ಆ ಮನುಷ್ಯನೇ ಹೇಳಿದ. ಡಾಕ್ಟರ ಮುಂದೆ ಹೋಗ್ಬೇಕಾಗ್ತದೆ, ಅಷ್ಟೆ. ನಮ್ಮ ಸ್ಟೇಟ್ ಎಷ್ಟು ದೊಡ್ಡದುಂಟು ಮಾರಾಯ? ನಾನೇ ಹೋಗಿ ಮಂತ್ರಿ ಹತ್ರ ಮಾತಾಡ್ತೇನೆ. ನೀನು ಸುಮ್ಮನೆ ಪಾಠ ಮಾಡಿಕೊಂಡಿರು," ಎಂದರು. ಅವ್ವ ಬೆಲ್ಲದ ಕಾಫಿ ತಂದಿಟ್ಟು ಬಾಗಿಲ ಬಳಿ ನಿಂತಳು. ಅವಳ ಮುಖ ಅರಳಿದ್ದು ನನಗೆ ಕಂಡಿತು. ಆದರೆ ಅಪ್ಪ ತಲೆ ಅಲ್ಲಾಡಿಸಿದರು. "ಬೇಡ ಸಾರ್. ಇವತ್ತು ಅವರ ಮುಖ ನೋಡಿದೆ. ಆ ಮಕ್ಕಳು ಇಷ್ಟು ದಿನ ನನ್ನನ್ನು ನೋಡಿಕೊಳ್ಳೋದರಲ್ಲೇ ಇದ್ದಾರೆ. ಎಲ್ಲಿ ಕೂರಬೇಕು, ಯಾವಾಗ ಬಾಯಿ ತೆಗೀಬೇಕು ಅಂತ ಯೋಚನೆ ಮಾಡ್ತಾ ಕೂತವರು ಚರಿತ್ರೆ ಯಾವಾಗ ಓದ್ತಾರೆ? ನನ್ನ ಭಾರ ಅವರ ಮೇಲೆ ಬೇಡ." ಉತ್ತಯ್ಯನವರು ಕಾಫಿ ಕುಡಿದು ಲೋಟ ಕೆಳಗಿಟ್ಟರು. ಕೊನೆಗೆ ಪರೀಕ್ಷೆಯವರೆಗಾದರೂ ಇರಬೇಕೆಂದು ಒಪ್ಪಿಸಿ ಎದ್ದರು. ಹೋಗುವಾಗ ಅಪ್ಪನ ಭುಜವನ್ನು ಒಮ್ಮೆ ಗಟ್ಟಿಯಾಗಿ ಹಿಡಿದು ಬಿಟ್ಟರು. ಅವ್ವ ಆ ಸಂಜೆ ಅಪ್ಪನ ಮೇಲೆ ಸಿಟ್ಟಾಗುತ್ತಾಳೆಂದುಕೊಂಡೆ. ಅವಳು ಲೋಟ ತೊಳೆದಿಟ್ಟು ಬಂದು, "ಊರಲ್ಲಿ ಆ ಕೋಣೆಗೆ ಒಂದು ಕಿಟಕಿ ಮಾಡಿಸ್ಬೇಕು," ಎಂದಳು.

ಪರೀಕ್ಷೆಗೆ ಮುಂಚಿನ ಆ ವಾರಗಳಷ್ಟು ಸುಖದ ದಿನಗಳು ಆ ತಗಡಿನ ಕೋಣೆಯಲ್ಲಿ ಮತ್ತೆ ಬರಲಿಲ್ಲ. ಮುಚ್ಚಿಡುವುದಕ್ಕೆ ಯಾರ ಹತ್ತಿರವೂ ಏನೂ ಉಳಿದಿರಲಿಲ್ಲ. ನನ್ನನ್ನು ಹೇಗೆಲ್ಲ ಕಾಪಾಡಿದಿರಿ ಎಂದು ಅಪ್ಪ ಕೇಳುತ್ತಿದ್ದರು, ಮಕ್ಕಳು ನಾಚುತ್ತ ಒಂದೊಂದೇ ಉಪಾಯ ಬಿಚ್ಚಿಡುತ್ತಿದ್ದರು. ಯಾರ ತುಟಿ ಓದುವುದು ಸುಲಭ, ಯಾರದು ಕಷ್ಟ ಎಂದು ಅಪ್ಪ ಹೇಳಿದರೆ ಕೋಣೆ ತುಂಬ ನಗು. ಹಮೀದನ ತುಟಿ ಅಚ್ಚಿನ ಅಕ್ಷರದಂತೆ ಎಂದಿದ್ದರು. ಚೋಂದಮ್ಮನದು ಹೊಳೆಯಲ್ಲಿ ಹೋಗುವ ಎಲೆಯಂತೆ. ಏಪ್ರಿಲಿನಲ್ಲಿ ನಾವು ಕ್ವಾರ್ಟರ್ಸು ಬಿಟ್ಟೆವು. ಲಾರಿ ಬಂದಾಗ ಕ್ಲಾಸಿನ ಅರ್ಧ ಮಕ್ಕಳು ಬಂದು ಪಾತ್ರೆ ಪಡಗ ಹೊತ್ತರು. ಅದಾಗಿ ಹೆಚ್ಚು ಕಾಲವಾಗಲಿಲ್ಲ, ನಮ್ಮ ಪುಟ್ಟ ರಾಜ್ಯವೂ ಮೈಸೂರಿನೊಳಗೆ ಸೇರಿಹೋಯಿತು. ಅಪ್ಪ ದೊಡ್ಡಪ್ಪನ ಗದ್ದೆಯ ಕೆಲಸಕ್ಕೆ ಕೈ ಜೋಡಿಸಿ ಇನ್ನೂ ಬಹಳ ವರ್ಷ ಬದುಕಿದರು. ಹಮೀದ್ ಮೈಸೂರಿನಲ್ಲಿ ವಕೀಲನಾದ. ಚೋಂದಮ್ಮ ಟೀಚರಾದಳು, ಮಕ್ಕಳನ್ನು ಕರೆದುಕೊಂಡು ಒಮ್ಮೆ ಊರಿಗೆ ಬಂದು ಅಪ್ಪನೆದುರು ಕೂತು ಇಡೀ ಮಧ್ಯಾಹ್ನ ಮಾತಾಡಿದಳು. ತುಂಬ ಮೆಲ್ಲಗೆ, ಅವರಿಗೆಂದೇ ಕಲಿತುಬಂದವಳ ಹಾಗೆ.

ಆ ತಗಡಿನ ಕೋಣೆ ಈಗಿಲ್ಲ, ಕ್ವಾರ್ಟರ್ಸೂ ಇಲ್ಲ. ಆ ಮನೆಯವರಲ್ಲಿ ಉಳಿದವಳು ನಾನೊಬ್ಬಳೇ. ಅಪ್ಪ ಹೋದ ಮೇಲೂ ಅವ್ವ ಸಾಯುವವರೆಗೆ ಒಳಕೋಣೆಯಿಂದ ಯಾರನ್ನೂ ಕೂಗಿ ಕರೆದವಳಲ್ಲ. ಹೇಳುವುದೇನಾದರೂ ಇದ್ದರೆ ಕೈಯಲ್ಲಿದ್ದ ಕೆಲಸ ಬಿಟ್ಟು, ಸೆರಗಿಗೆ ಕೈ ಒರೆಸಿಕೊಂಡು, ನಾವಿದ್ದಲ್ಲಿಗೆ ಬಂದು, ಬೆಳಕು ತನ್ನ ಮುಖದ ಮೇಲೆ ಬೀಳುವ ಹಾಗೆ ನಿಂತು, ನಾವು ತಲೆ ಎತ್ತುವವರೆಗೆ ಕಾದು, ಆಮೇಲೆ ಮಾತಾಡುತ್ತಿದ್ದಳು. ಉಪ್ಪು ತಂದಿದ್ದೀರಾ ಎಂದು ಕೇಳುವುದಕ್ಕೂ ಹಾಗೆಯೇ. ನಮಗೆಲ್ಲ ಕಿವಿ ಕೇಳುತ್ತದಲ್ಲವ್ವಾ ಎಂದು ನಾನು ಒಮ್ಮೆ ನಕ್ಕಿದ್ದೆ. ಅವಳು ನಗಲಿಲ್ಲ. ಈಗ ನಮ್ಮ ಮನೆಯಲ್ಲಿ ಎಲ್ಲರೂ ಇದ್ದಲ್ಲಿಂದಲೇ ಕೂಗಿ ಮಾತಾಡುತ್ತಾರೆ, ನಾನೂ ಇದ್ದಲ್ಲಿಂದಲೇ ಓಗೊಡುತ್ತೇನೆ. ಎಷ್ಟೋ ದಿನ ಸಂಜೆಯಾದರೂ ಯಾರ ಮುಖವನ್ನೂ ಸರಿಯಾಗಿ ನೋಡಿರುವುದಿಲ್ಲ.